ಉಳಿದ ಪಾಂಪೇ ಮಣ್ಣಿನಲ್ಲೇ ಇರಲಿ

ಕೋಟೆಗೋಡೆಯೊಳಗಿನ ಪಾಂಪೇ ನಗರದ ವಿಸ್ತೀರ್ಣ ಸುಮಾರು 66 ಹೆಕ್ಟೇರ್. ಅದರಲ್ಲಿ ಮೂರನೇ ಎರಡು ಭಾಗವನ್ನು ಅಗೆದು ತೆಗೆದಾಗಿದೆ. ಉಳಿದದ್ದು ಕ್ರಿ.ಶ. 79ರಲ್ಲಿ ವೆಸೂವಿಯಸ್ ಸುರಿದ ಬೂದಿ, ಕಲ್ಲುಗಳ ಅಡಿಯಲ್ಲೇ ಇದೆ. ಹೊಸ ಭಿತ್ತಿಚಿತ್ರವೊಂದು ಸಿಕ್ಕಿ ಪತ್ರಿಕೆಗಳಲ್ಲಿ ಮೆರೆದಾಗಲೆಲ್ಲ, ಉಳಿದದ್ದನ್ನೂ ಬೇಗ ಅಗೆಯಿರಿ ಎಂಬ ಕೂಗು ಏಳುತ್ತದೆ. ಈ ಕೂಗಿಗೆ ಇಟಲಿ ಸರ್ಕಾರ ಕಿವಿಗೊಡಬಾರದು. ಪಾಂಪೇ ಮತ್ತು ಅದರೊಂದಿಗೇ ಹೂತುಹೋದ ನೆರೆಯ ಹರ್ಕ್ಯುಲೇನಿಯಂ ಮತ್ತೆ ಬೆಳಕಿಗೆ ಬಂದ ಚರಿತ್ರೆಯನ್ನು ಓದಿದವರು ಬೇರೆ ತೀರ್ಮಾನಕ್ಕೆ ಬರಲಾರರು.

ಆ ಚರಿತ್ರೆಯ ಮೊದಲ ಅಧ್ಯಾಯ ಲೂಟಿಯದು. ಹದಿನೆಂಟನೇ ಶತಮಾನದ ಆರಂಭದಲ್ಲಿ ರೆಸಿನಾ ಎಂಬ ಊರಿನಲ್ಲಿ ಬಾವಿ ತೋಡುತ್ತಿದ್ದವರಿಗೆ ಅಮೃತಶಿಲೆ ಸಿಕ್ಕಿತು. ಅವರ ಕಾಲಡಿಯಲ್ಲಿದ್ದದ್ದು ಹರ್ಕ್ಯುಲೇನಿಯಂ ನಗರದ ರಂಗಮಂದಿರ. ಸುದ್ದಿ ತಿಳಿದ ಶ್ರೀಮಂತನೊಬ್ಬ ಸುರಂಗ ಕೊರೆಸಿ ಪ್ರತಿಮೆಗಳನ್ನು ಹೊರಗೆಳೆಸಿದ. 1738ರಲ್ಲಿ ನೇಪಲ್ಸ್ ದೊರೆ ಚಾರ್ಲ್ಸ್ ಅದನ್ನೇ ಅರಮನೆಯ ಉದ್ಯಮವಾಗಿಸಿದ. ಉಸ್ತುವಾರಿ ಹೊತ್ತವನು ಅಲ್ಕುಬಿಯೆರೆ ಎಂಬ ಸ್ಪೇನಿನ ಸೇನಾ ಎಂಜಿನಿಯರ್. 1748ರಲ್ಲಿ ಅವನ ಆಳುಗಳು ಪಾಂಪೇಯಲ್ಲಿ ಗುದ್ದಲಿ ಹಾಕಿದರು. ಅದು ಪಾಂಪೇ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನಗರದ ಹೆಸರು ಹೊತ್ತ ಶಾಸನ ಕೈಗೆ ಸಿಕ್ಕಿದ್ದು 1763ರಲ್ಲಿ. ಹದಿನೈದು ವರ್ಷ ಅವರು ಹೆಸರೂ ತಿಳಿಯದ ಊರನ್ನು ಬಗೆಯುತ್ತಿದ್ದರು.

ಬಗೆದ ರೀತಿ ಅಕ್ಷಮ್ಯ. ದೊರೆಯ ಸಂಗ್ರಹಕ್ಕೆ ಬೇಕಾದ ಚಿತ್ರಗಳನ್ನು ಗೋಡೆಯಿಂದ ಕತ್ತರಿಸಿ ಒಯ್ದರು. ಬೇಡವೆನಿಸಿದ ಎಷ್ಟೋ ಚಿತ್ರಗಳನ್ನು ಅಲ್ಲೇ ಒಡೆದು ಹಾಕಿದರು. ಕಂಚಿನ ಅಕ್ಷರಗಳ ಶಾಸನವೊಂದನ್ನು ನಕಲು ಮಾಡಿಕೊಳ್ಳದೆಯೇ ಅಕ್ಷರಗಳನ್ನು ಕಿತ್ತು ಬುಟ್ಟಿಗೆ ತುಂಬಿದ್ದನ್ನು ಕಲಾ ಇತಿಹಾಸಕಾರ ವಿಂಕೆಲ್‌ಮನ್ 1762ರಲ್ಲೇ ಬರೆದು ಖಂಡಿಸಿದ. ಅಗೆದವರ ಗುಂಪಿನಲ್ಲಿ ಗೌರವಕ್ಕೆ ಅರ್ಹನಾದವನು ಸ್ವಿಟ್ಜರ್ಲೆಂಡಿನ ಕಾರ್ಲ್ ವೆಬರ್. ಉಸಿರುಗಟ್ಟಿಸುವ ಸುರಂಗಗಳಲ್ಲಿ, ಮೇಲಧಿಕಾರಿಯ ವಿರೋಧದ ನಡುವೆ, ಅವನು ನಕ್ಷೆಗಳನ್ನು ಬರೆದ. ಹರ್ಕ್ಯುಲೇನಿಯಂನ ಪಪೈರಸ್ ಭವನದ ರೂಪ ಜಗತ್ತಿಗೆ ತಿಳಿದದ್ದು ಆ ನಕ್ಷೆಯಿಂದ.

ಆ ಭವನದಲ್ಲಿ 1752ರಿಂದ ಸಿಕ್ಕ ಕರಕಲು ಪಪೈರಸ್ ಸುರುಳಿಗಳ ಕಥೆಯನ್ನು ಅವಸರ ಮಾಡುವವರು ಮತ್ತೆ ಮತ್ತೆ ಓದಬೇಕು. ಕೆಲವನ್ನು ಇದ್ದಿಲೆಂದು ಬಿಸುಟರು. ಕೆಲವನ್ನು ಚಾಕುವಿನಿಂದ ಸೀಳಿ ಪುಡಿ ಮಾಡಿದರು. ಯಾರೂ ಬಿಚ್ಚದೆ ಉಳಿದ ಸುರುಳಿಯೊಂದರ ಭಾಗವನ್ನು ಈಗ, 2023-24ರಲ್ಲಿ, ಎಕ್ಸ್-ರೇ ಸ್ಕ್ಯಾನ್ ಮತ್ತು ಕೃತಕ ಬುದ್ಧಿಮತ್ತೆಯ ನೆರವಿನಿಂದ, ಮುಟ್ಟಿ ಮುರಿಯದೆ ಓದಲಾಗಿದೆ. ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ತತ್ತ್ವಚಿಂತನೆಯ ಸಾಲುಗಳು ಹೊರಬಂದಿವೆ. ಆಗ ಸೀಳಿದವರಿಗೆ ಇನ್ನೂರೆಪ್ಪತ್ತು ವರ್ಷಗಳ ತಾಳ್ಮೆ ಇದ್ದಿದ್ದರೆ ಆ ಸುರುಳಿಗಳನ್ನೂ ಓದುವ ಅವಕಾಶ ಇಂದು ಇರುತ್ತಿತ್ತು.

1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಬೂದಿಯೊಳಗಿನ ಟೊಳ್ಳುಗಳಿಗೆ ಪ್ಲಾಸ್ಟರ್ ಸುರಿಸಿ ಸತ್ತವರ ಕೊನೆಯ ಭಂಗಿಯನ್ನು ಪಡೆದದ್ದನ್ನು ಎಲ್ಲರೂ ಕೊಂಡಾಡುತ್ತಾರೆ, ಸರಿಯೇ. ಆದರೆ ಅದಕ್ಕೆ ಮುಂಚಿನ ನೂರಕ್ಕೂ ಹೆಚ್ಚು ವರ್ಷ ಅಂಥ ಟೊಳ್ಳುಗಳು ಪಿಕಾಸಿಯ ಏಟಿಗೆ ಕುಸಿದು ಹೋದವು. ಆ ಮನುಷ್ಯರು ಎರಡನೇ ಸಲ ಅಳಿದುಹೋದರು.

ನಮಗೂ ಸಂಬಂಧಿಸಿದ ಒಂದು ವಸ್ತು ಇಲ್ಲಿದೆ: 1938ರಲ್ಲಿ ಪಾಂಪೇಯಲ್ಲಿ ದೊರೆತ ಭಾರತದ ದಂತದ ಸ್ತ್ರೀಮೂರ್ತಿ. ಅದು ಯಾವ ಮನೆಯದು ಎಂಬುದು ದಾಖಲಾಗಿದೆ, ಆ ಮನೆಗೇ ಅದರ ಹೆಸರು ಬಂದಿದೆ. ಆದ್ದರಿಂದಲೇ ಅದು ರೋಮ್ ಮತ್ತು ಭಾರತದ ವ್ಯಾಪಾರಕ್ಕೆ ಸಾಕ್ಷಿ ಹೇಳುತ್ತದೆ. 1750ರಲ್ಲಿ ಸಿಕ್ಕಿದ್ದರೆ ಅರಮನೆಯ ಕಪಾಟಿನಲ್ಲಿ ಊರು ಕೇರಿ ಇಲ್ಲದ ಬೊಂಬೆಯಾಗಿರುತ್ತಿತ್ತು.

ಹೊರತೆಗೆದದ್ದನ್ನಾದರೂ ಕಾಪಾಡಿದ್ದೇವೆಯೇ? 1943ರಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಪಾಂಪೇಯ ಮೇಲೆ ಬಿದ್ದವು. 2010ರ ನವೆಂಬರ್‌ನಲ್ಲಿ ಗ್ಲಾಡಿಯೇಟರ್‌ಗಳ ಮನೆಯೆಂದು ಹೆಸರಾದ ಕಟ್ಟಡ ಕುಸಿಯಿತು. ಅನಂತರವೇ 10.5 ಕೋಟಿ ಯೂರೋಗಳ ರಕ್ಷಣಾ ಯೋಜನೆ ಬಂತು. ಪ್ರವಾಸಿಗರ ಸಂಖ್ಯೆ ವರ್ಷಕ್ಕೆ 40 ಲಕ್ಷ ಮುಟ್ಟಿದ ಮೇಲೆ, 2024ರ ನವೆಂಬರ್‌ನಿಂದ ದಿನಕ್ಕೆ 20,000 ಮಂದಿ ಎಂಬ ಮಿತಿ ಬಂತು. ಪ್ರತಿ ಸಲವೂ ಪೆಟ್ಟು ಬಿದ್ದ ಮೇಲೆಯೇ ಕ್ರಮ.

ವೆಸೂವಿಯಸ್ ಮತ್ತೆ ಸಿಡಿಯುವ ಮೊದಲು ಎಲ್ಲವನ್ನೂ ಹೊರತೆಗೆಯಬೇಕು ಎಂಬ ವಾದ ನಿಲ್ಲುವುದಿಲ್ಲ. 1944ರಲ್ಲೂ ಸಿಡಿದ ಪರ್ವತ ಅದು, ನಿಜ. ಆದರೆ ಮತ್ತೆ ಸಿಡಿದರೆ ಮೊದಲು ನಾಶವಾಗುವುದು ಮಳೆ ಬಿಸಿಲಿಗೆ ಬಿದ್ದಿರುವ ಗೋಡೆಗಳು. ಮಣ್ಣಿನಡಿಯ ಮನೆಗಳಿಗೆ ಹೊದಿಕೆ ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೆ.

ಎರಡು ಸಂದರ್ಭಗಳಲ್ಲಿ ಮಾತ್ರ ಅಗೆಯುವುದು ಅನಿವಾರ್ಯ. ನಗರದ ಹೊರಗಿನ ಚಿವಿತಾ ಜುಲಿಯಾನಾದಲ್ಲಿ ಕಳ್ಳರು ಸುರಂಗ ಕೊರೆದಿದ್ದರು. ಅಲ್ಲಿ ಉತ್ಖನನ ನಡೆಸಿದ್ದು ಸರಿ, 2021ರಲ್ಲಿ ಪ್ರಕಟವಾದ ಅಲಂಕೃತ ರಥ ಉಳಿದದ್ದೂ ಅದರಿಂದಲೇ. ಅಗೆಯದ ಮಣ್ಣಿನ ದಿಬ್ಬಗಳು ಮಳೆಗೆ ನೆನೆದು ಅಗೆದ ಮನೆಗಳ ಮೇಲೆ ಜಾರುವಲ್ಲಿ ಅಂಚನ್ನು ಸರಿಪಡಿಸಲೇಬೇಕು. ಇವೆರಡನ್ನು ಬಿಟ್ಟು ಬೇರೆ ಕಾರಣಕ್ಕೆ, ಅದರಲ್ಲೂ ಪ್ರಚಾರಕ್ಕೆ, ಒಂದು ಅಡಿ ನೆಲವನ್ನೂ ತೆರೆಯಬಾರದು. ಈ ನಿಯಮವನ್ನು ಇಟಲಿ ಕಾನೂನಾಗಿಸಲಿ. ತೆರೆಯುವ ಪ್ರತಿ ತುಂಡು ನೆಲಕ್ಕೂ ಚಾವಣಿ, ಚರಂಡಿ, ಕಾಯಂ ಸಿಬ್ಬಂದಿಯ ಹಣವನ್ನು ಮೊದಲೇ ತೆಗೆದಿಡಲಿ; ಹಿಂದಿನ ಉತ್ಖನನದ ಪೂರ್ಣ ವರದಿ ಅಚ್ಚಾಗುವವರೆಗೆ ಮುಂದಿನದಕ್ಕೆ ಅನುಮತಿ ಕೊಡದಿರಲಿ.