ಮಂಗನ ಕಾಯಿಲೆ: ಯಾರ ಮಾತು ನಂಬಬೇಕು?

ಮಲೆನಾಡಿನಲ್ಲಿ ದರಗು ಗುಡಿಸಲು ಕಾಡಿಗೆ ಹೋಗುವ ಕಾಲ ಬಂತೆಂದರೆ ಮಂಗನ ಕಾಯಿಲೆಯ ಸುದ್ದಿಗೂ ರೆಕ್ಕೆಪುಕ್ಕ ಹುಟ್ಟುತ್ತದೆ. ಗಾಳಿಯಿಂದ ಬರುತ್ತದೆ ಎನ್ನುವವರೊಬ್ಬರು, ರೋಗಿಯ ಹತ್ತಿರ ಕುಳಿತರೆ ಅಂಟುತ್ತದೆ ಎನ್ನುವವರೊಬ್ಬರು. ಎರಡೂ ನಿಜವಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಕಾಣಿಸಿಕೊಂಡಾಗ, ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ ಎನಿಸಿಕೊಂಡಿರುವ ಪುಣೆಯ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿ, ರೋಗ ಹರಡುವುದು ಉಣುಗಿನಿಂದ ಎಂದು ಕಂಡುಕೊಂಡರು. ಕೇಳಬೇಕಾದದ್ದು ಇಂಥವರ ಮಾತು. ಆದರೆ ಅದೂ ಹಳತಾಗಬಾರದು. ಲಸಿಕೆ ಹಾಕಿಸಿದರೆ ಸಾಕು ಎಂದು ಕೆಲವರು ಈಗಲೂ ಹೇಳುತ್ತಾರೆ. ಪರಿಣಾಮ ಸಾಲದೆಂದು ಆ ಹಳೆಯ ಲಸಿಕೆ 2022ರಲ್ಲೇ ನಿಂತಿತು. ಬೀಜದ ಚೀಲದ ಮೇಲೆ ತಾರೀಖು ನೋಡುವ ನೀವು ಕರಪತ್ರದ ಮೇಲೂ ನೋಡಿ: ಯಾರು ಹೊರಡಿಸಿದ್ದು, ಯಾವ ವರ್ಷದ್ದು?

ಪುಣೆಗೆ ಹೋಗಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಿಳಿವಳಿಕೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ, ಕೇಳಬೇಕಷ್ಟೆ. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡೇಪಾ ತೈಲವನ್ನೂ ಅಲ್ಲೇ ವಿಚಾರಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಅಲ್ಲಿಗೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆಯಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ.