ನೆಲದೊಳಗಿನ ಪೈಪಿಗೂ ಒಂದು ಲೆಕ್ಕವಿರಲಿ

ಗೋಕುಲ ರಸ್ತೆ, ತಾರಿಹಾಳ ಅಥವಾ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹೊಸ ಶೆಡ್ಡು ಕಟ್ಟಿಸುವ ಉದ್ಯಮಿಯು ಯಂತ್ರದ ದರ, ಬ್ಯಾಂಕಿನ ಬಡ್ಡಿ, ಕೂಲಿ ಎಲ್ಲವನ್ನೂ ಪೈಸೆ ಪೈಸೆ ಲೆಕ್ಕ ಹಾಕುತ್ತಾನೆ. ಆದರೆ ಮೀಟರ್ ಬೋರ್ಡಿನಿಂದ ಯಂತ್ರದವರೆಗೆ ತಂತಿಯನ್ನು ಒಯ್ಯುವ ಕಂಡ್ಯೂಟ್ ಪೈಪು ಕಾಂಕ್ರೀಟ್ ನೆಲದೊಳಗೆ ಎಲ್ಲಿ ಹಾದುಹೋಗಿದೆ ಎಂದು ಕೇಳಿದರೆ, ಉತ್ತರವು ಬಹುಮಟ್ಟಿಗೆ ಎಲೆಕ್ಟ್ರಿಷಿಯನ್ನನ ನೆನಪಿನಲ್ಲಿ ಮಾತ್ರ ಇರುತ್ತದೆ. ಆತ ಊರು ಬಿಟ್ಟರೆ ನಕ್ಷೆಯೂ ಅವನೊಂದಿಗೇ ಹೋದಂತೆ. ಮೀಟರಿನವರೆಗಿನ ಹೊಣೆ ಹೆಸ್ಕಾಂನದು. ಅದರಾಚೆಯದು ಗ್ರಾಹಕನದೇ ಎಂಬುದನ್ನು ನಾವು ಮರೆಯುವಂತಿಲ್ಲ.

ಈ ಅಲಕ್ಷ್ಯವು ನಮ್ಮ ಭಾಗದಲ್ಲಿ ಹೆಚ್ಚು ದುಬಾರಿಯಾಗುತ್ತದೆ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಸಾಗಿದಂತೆ ಎರೆಭೂಮಿಯೇ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದು ಈ ಮಣ್ಣಿನ ಗುಣ. ಎರೆಯನ್ನು ಸಾಕಷ್ಟು ಆಳ ತೆಗೆದು, ಗರಸು ತುಂಬಿ, ಚೆನ್ನಾಗಿ ದಮ್ಮಸು ಮಾಡದೆ ಕಾಂಕ್ರೀಟ್ ಹಾಕಿದರೆ ನೆಲವು ಏರಿಳಿದು ಸೀಳುತ್ತದೆ. ನೆಲ ಸೀಳಿದಲ್ಲಿ ಪೈಪಿನ ಕೂಡುಗಳು ಬಿಡುತ್ತವೆ. ಬಿಟ್ಟ ಸಂದಿನಲ್ಲಿ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಬ್ರೇಕರ್ ಬೀಳುವುದು, ಯಂತ್ರದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುವುದು ಇದರ ಮುನ್ಸೂಚನೆಗಳಾಗಿರಬಹುದು. ಇಲ್ಲಿ ಪಣಕ್ಕಿರುವುದು ಉತ್ಪಾದನೆಯಷ್ಟೇ ಅಲ್ಲ, ಕಾರ್ಮಿಕನ ಜೀವ.

ಪೈಪಿಗೆ ಪೆಟ್ಟು ಬೀಳುವ ಸಂದರ್ಭಗಳು ಮುಖ್ಯವಾಗಿ ಎರಡು. ಮೊದಲನೆಯದು ಕಾಂಕ್ರೀಟ್ ಹಾಕುವ ದಿನ. ಕೆಲಸಗಾರರ ತುಳಿತ, ಕೈಗಾಡಿಯ ಭಾರ, ವೈಬ್ರೇಟರಿನ ಹೊಡೆತ ಇವುಗಳಿಂದ ಸಲ್ಯೂಷನ್ ಹಚ್ಚದ ಕೂಡುಗಳು ಕಳಚಿ, ಸಿಮೆಂಟಿನ ಹಾಲು ಒಳನುಗ್ಗಿ ಗಟ್ಟಿಯಾಗುತ್ತದೆ. ಎರಡನೆಯದು, ವರ್ಷಗಳ ಬಳಿಕ ಹೊಸ ಯಂತ್ರದ ಬೋಲ್ಟಿಗಾಗಿ ನೆಲಕ್ಕೆ ಡ್ರಿಲ್ ಇಳಿಸುವ ದಿನ. ಎರಡಕ್ಕೂ ಮುಂಜಾಗ್ರತೆಯೇ ಮದ್ದು.

ಐಎಸ್ 9537 ಮಾನಕದ ಗುರುತುಳ್ಳ ದಪ್ಪ ಪೈಪನ್ನೇ ಬಳಸಬೇಕು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಸಂಹಿತೆಯು ಬಹುಕಾಲ ಸೂಚಿಸಿಕೊಂಡು ಬಂದಂತೆ, ಪೈಪಿನ ಹೊರವ್ಯಾಸವು ಕಾಂಕ್ರೀಟಿನ ದಪ್ಪದ ಮೂರನೆಯ ಒಂದು ಭಾಗವನ್ನು ಮೀರಬಾರದು; ಅಂದರೆ 150 ಮಿ.ಮೀ. ನೆಲದಲ್ಲಿ 50 ಮಿ.ಮೀ.ಗಿಂತ ದಪ್ಪನೆಯ ಪೈಪು ಸಲ್ಲದು. ಪೈಪುಗಳನ್ನು ಒತ್ತೊತ್ತಾಗಿ ಹಾಸದೆ, ನಡುವಿನಿಂದ ನಡುವಿಗೆ ಕನಿಷ್ಠ ಮೂರು ವ್ಯಾಸದಷ್ಟು ಅಂತರ ಬಿಡಬೇಕು. ನೆಲದ ಜಾಯಿಂಟ್ ದಾಟುವಲ್ಲಿ ಪೈಪಿಗೆ ದೊಡ್ಡ ಹೊರಪೈಪನ್ನು ತೊಡಿಸಿದರೆ ಅಲುಗಾಟಕ್ಕೆ ಎಡೆ ಸಿಗುತ್ತದೆ. ತುದಿಗಳನ್ನು ಮುಚ್ಚಳದಿಂದ ಭದ್ರಪಡಿಸಿ, ಒಂದು ಹೆಚ್ಚುವರಿ ಪೈಪನ್ನೂ ಎಳೆಯುವ ತಂತಿಯೊಂದಿಗೆ ಹಾಕಿಡಬೇಕು.

ಇಷ್ಟಾದ ಮೇಲೂ ಕೆಟ್ಟರೆ, ಒಡನೆಯೇ ನೆಲ ಅಗೆಯುವುದು ಜಾಣತನವಲ್ಲ. ಮೊದಲು ವಿದ್ಯುತ್ ಕಡಿದು, ಯಂತ್ರವನ್ನು ಬೇರ್ಪಡಿಸಿ, 500 ವೋಲ್ಟ್ ಮೆಗ್ಗರಿನಿಂದ ತಂತಿಗಳನ್ನು ಪರೀಕ್ಷಿಸಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ತಂತಿಯನ್ನು ಹೊರಗೆಳೆದು ಹೊಸದನ್ನು ಹಾಕಬೇಕು. ಪೈಪು ಕಟ್ಟಿಕೊಂಡಿದ್ದರೆ, ಎರಡೂ ತುದಿಗಳಿಂದ ಸ್ಪ್ರಿಂಗ್ ತೂರಿಸಿ ಅದು ಎಷ್ಟು ಅಡಿಗೆ ನಿಲ್ಲುತ್ತದೆಂದು ಅಳೆದರೆ ಅಡಚಣೆಯ ಜಾಗ ತಿಳಿಯುತ್ತದೆ. ಅಷ್ಟನ್ನೇ ಕಟರಿನಿಂದ ಕತ್ತರಿಸಿ ಪೈಪನ್ನು ಸರಿಪಡಿಸಬಹುದು. ಪೈಪಿನೊಳಗೆ ತಂತಿಗೆ ಗಂಟು ಹಾಕಿ ಟೇಪು ಸುತ್ತುವುದು ಮಾತ್ರ ಎಂದಿಗೂ ಕೂಡದು. ಸೋರಿಕೆಯಿಂದ ಜೀವ ಕಾಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಗೂ ಸರಿಯಾದ ಅರ್ಥಿಂಗ್ ಇರಲೇಬೇಕು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆದುಹಾಕುವುದು, ಕೂಗುವ ಕಾವಲುಗಾರನ ಬಾಯಿ ಕಟ್ಟಿದಂತೆ.

ಯಂತ್ರಗಳ ಸ್ಥಾನ ಪದೇ ಪದೇ ಬದಲಾಗುವ ಸಣ್ಣ ಕಾರ್ಖಾನೆಗೆ ನೆಲದೊಳಗಿನ ಪೈಪಿಗಿಂತ ಗೋಡೆ, ತೊಲೆಗಳ ಮೇಲಿನ ಕೇಬಲ್ ಟ್ರೇಯೇ ಲೇಸೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ನೋಟಕ್ಕೆ ಅಷ್ಟು ಚೆಂದವಲ್ಲದಿರಬಹುದು. ಆದರೆ ದೋಷ ಕಣ್ಣಿಗೆ ಕಾಣುತ್ತದೆ, ದುರಸ್ತಿಯೂ ಏಣಿಯೊಂದರಿಂದ ಮುಗಿಯುತ್ತದೆ. ನಡುನೆಲದಲ್ಲಿರುವ, ಮೇಲಿನಿಂದ ತಂತಿ ಇಳಿಸಲಾಗದ ಯಂತ್ರಕ್ಕೆ ಮಾತ್ರ ನೆಲದ ದಾರಿ ಹಿಡಿಯಬೇಕು.

ಇದಕ್ಕೆಲ್ಲ ಖರ್ಚು ಎಲ್ಲಿಂದ ಎಂಬ ಪ್ರಶ್ನೆ ಸಹಜ. ಕಾಂಕ್ರೀಟ್ ಹಾಕುವ ಮುನ್ನ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆಯಲು ಏನೂ ಖರ್ಚಿಲ್ಲ. ಪೈಪು ಒಡೆದಾಗ ಕಟ್ಟಡದ ಗುತ್ತಿಗೆದಾರನು ಎಲೆಕ್ಟ್ರಿಷಿಯನ್ನನತ್ತ, ಎಲೆಕ್ಟ್ರಿಷಿಯನ್ನನು ಗುತ್ತಿಗೆದಾರನತ್ತ ಬೆರಳು ತೋರಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಕಾಂಕ್ರೀಟಿಗೆ ಮುಂಚೆ ಹಾಗೂ ಅನಂತರ ಪ್ರತಿ ಪೈಪಿನಲ್ಲಿ ಸ್ಪ್ರಿಂಗ್ ಹಾಯಿಸಿ ನೋಡಿ ಇಬ್ಬರ ಸಹಿಯನ್ನೂ ಪಡೆಯಬೇಕು; ನಕ್ಷೆ ಮತ್ತು ಮೆಗ್ಗರ್ ವರದಿ ಕೈಸೇರುವವರೆಗೆ ಕೊನೆಯ ಬಿಲ್ಲನ್ನು ಪಾವತಿಸಬಾರದು. ಶೆಡ್ಡನ್ನು ಬಾಡಿಗೆಗೆ ಕೊಡುವಾಗ, ಮಾರುವಾಗ ಕೀಲಿಕೈಯೊಂದಿಗೆ ಆ ನಕ್ಷೆಯೂ ಕೈ ಬದಲಾಗಬೇಕು. ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಇಂಥ ಕರಾರಿನ ಮಾದರಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಸಣ್ಣ ಉದ್ಯಮಿಗಳಿಗೆ ದೊಡ್ಡ ಉಪಕಾರವಾದೀತು.