ಬೀಟಲ್ಸ್ ಬಗ್ಗೆ ಯಾವ ಪುಸ್ತಕ ಓದಲಿ, ಅಜ್ಜಿ?

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ,

ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಚಮಚಗಳಿಗೆ ಬಿಡುವಿಲ್ಲ. ಎಂಟನೆಯ ತರಗತಿಯಲ್ಲಿರುವ ಮೊಮ್ಮಗ ಸಾರು ಬಡಿಸುವ ಮೊದಲೂ, ಮಜ್ಜಿಗೆ ಅನ್ನ ಮುಗಿದ ಮೇಲೂ ಎರಡು ಚಮಚ ಹಿಡಿದು ಊಟದ ಮೇಜು ಬಡಿಯುತ್ತಾನೆ. ಅವನ ಅಜ್ಜನಿಗೆ ಮೊದಲು ಬಹಳ ಸಂತೋಷವಾಯಿತು. ಮಾಣಿಗೆ ಚೆಂಡೆಯ ಹುಚ್ಚು ಹಿಡಿದಿದೆ, ಮಳೆಗಾಲ ಕಳೆದು ಮೇಳಗಳು ಹೊರಟ ಕೂಡಲೇ ಆಟಕ್ಕೆ ಕರೆದುಕೊಂಡು ಹೋಗಬೇಕು ಎಂದು ಲೆಕ್ಕ ಹಾಕಿದರು. “ಅಜ್ಜ, ಇದು ಚೆಂಡೆ ಅಲ್ಲ, ರಿಂಗೋ ಸ್ಟಾರ್” ಎಂದು ಅವನು ಹೇಳಿದ ಮೇಲೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತರು.

ರಿಂಗೋ ಬಂದ ಮೇಲೆ ಉಳಿದ ಮೂವರೂ ಮನೆ ಹೊಕ್ಕರು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್. ಇಂಗ್ಲೆಂಡಿನ ಬಂದರು ಪಟ್ಟಣ ಲಿವರ್‌ಪೂಲಿನ ಸಾಧಾರಣ ಮನೆಗಳ ಹುಡುಗರು. 1962ರಲ್ಲಿ ಈ ನಾಲ್ವರ ಮೊದಲ ರೆಕಾರ್ಡ್ ಬಂತು, 1970ಕ್ಕೆ ‘ಬೀಟಲ್ಸ್’ ಬ್ಯಾಂಡ್ ಒಡೆಯಿತು. ಹಾಡಿದ್ದು ಅಷ್ಟೇ ವರ್ಷ, ಆದರೆ ಅವರ ಮೇಲಿನ ಪುಸ್ತಕಗಳು ಇಂದಿಗೂ ನಿಂತಿಲ್ಲ. ಒಂದು ಭಾನುವಾರ ಮಾಣಿ ಕೇಳಿಯೇಬಿಟ್ಟ: “ಅಜ್ಜಿ, ನೀವು ಇಂಗ್ಲಿಷ್ ಟೀಚರ್ ಅಲ್ವಾ? ಬೀಟಲ್ಸ್ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹೇಳಿ.”

ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ನಿಜ. ಆದರೆ ರಾಕ್ ಸಂಗೀತದ ವಿಷಯದಲ್ಲಿ ನಾನು ಒಂದನೆಯ ತರಗತಿ. ಪೇಟೆಗೆ ಹೋದಾಗ ಫಳಫಳ ಹೊಳೆಯುವ ಒಂದು ಪುಸ್ತಕ ಕಂಡಿತು. ತುಂಬ ಚಿತ್ರಗಳು, ಬೆಲೆಯೂ ಕಡಿಮೆ. ತಂದೆ. ಮನೆಗೆ ಬಂದು ನೋಡಿದರೆ ಅದಕ್ಕೆ ಬರೆದವರ ಹೆಸರೇ ಇಲ್ಲ! ರಿಂಗೋ ಹುಟ್ಟಿದ ದಿನ ಒಂದು ಪುಟದಲ್ಲಿ ಜುಲೈ 7, ಇನ್ನೊಂದು ಪುಟದಲ್ಲಿ ಬೇರೆಯೇ. ಎಷ್ಟೋ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನಾನು ಅಂಗಡಿಯಲ್ಲಿ ನಿಂತು ನಾಲ್ಕು ಪುಟ ತಿರುವಿ ನೋಡಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆ ಪುಸ್ತಕವನ್ನು ಮಾಣಿ ಒಂದೇ ಸಂಜೆಯಲ್ಲಿ ಓದಿ ಮುಗಿಸಿದ. ರಾತ್ರಿ ಊಟಕ್ಕೆ ಬಂದವನು ಚಮಚ ಮುಟ್ಟಲಿಲ್ಲ.

“ಅಜ್ಜಿ, ಜಾನ್‌ಗೆ ಆಗ ಐದು ವರ್ಷ. ಅಪ್ಪ ಬೇಕಾ ಅಮ್ಮ ಬೇಕಾ ಅಂತ ಅವನನ್ನೇ ಕೇಳಿದರಂತೆ. ಅವನನ್ನು ಯಾಕೆ ಕೇಳಿದರು?”

ಕಥೆ ಹೀಗಿದೆ. ಜಾನ್ ತಂದೆ ಹಡಗಿನಲ್ಲಿ ಕೆಲಸ ಮಾಡುವವರು, ಮನೆಯಲ್ಲಿರುವುದು ಅಪರೂಪ. 1946ರಲ್ಲಿ ಅವರು ಮಗನನ್ನು ಬ್ಲ್ಯಾಕ್‌ಪೂಲ್ ಎಂಬ ಸಮುದ್ರತೀರದ ಊರಿಗೆ ಕರೆದೊಯ್ದರು. ತಾಯಿ ಹುಡುಕಿಕೊಂಡು ಬಂದರು. ಯಾರ ಜೊತೆ ಇರುತ್ತೀ ಎಂದು ಹುಡುಗನನ್ನೇ ಕೇಳಿದಾಗ ಅವನು ಅಪ್ಪ ಎಂದ. ಅಮ್ಮ ಬಾಗಿಲು ದಾಟಿ ಹೊರಟಾಗ ಅಳುತ್ತ ಅವರ ಹಿಂದೆ ಓಡಿದ. ಓದಿದವರ ಕರುಳು ಹಿಂಡುವ ದೃಶ್ಯ.

ಮಾಣಿಯ ಅಪ್ಪ ಅಮ್ಮ ಮಸ್ಕತ್‌ನಲ್ಲಿದ್ದಾರೆ. ಎರಡು ವರ್ಷದ ಹಿಂದೆ ಹೊರಡುವಾಗ ಇದೇ ಊಟದ ಮೇಜಿನ ಮುಂದೆ ಕೂರಿಸಿ ಕೇಳಿದ್ದರು, “ನಮ್ಮ ಜೊತೆ ಬರ್ತೀಯಾ, ಅಜ್ಜಿ ಮನೆಯಲ್ಲಿ ಇರ್ತೀಯಾ?” ಅವನು “ಇಲ್ಲೇ ಇರ್ತೇನೆ” ಎಂದ. ಮಾಣಿ ಸ್ವಂತ ನಿರ್ಧಾರ ಮಾಡಿದ ಎಂದು ಬಂದವರ ಮುಂದೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. ಅದು ಅವನೊಳಗೆ ಏನಾಗಿ ಕುಳಿತಿತ್ತು ಎಂದು ಯಾರೂ ವಿಚಾರಿಸಿರಲಿಲ್ಲ. (ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.)

ಆ ರಾತ್ರಿ ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದದ್ದು ಒಂದೇ ಉಪಾಯ. ಒಂದು ಪುಸ್ತಕದ ಮೇಲೆ ಅನುಮಾನ ಬಂದರೆ ಇನ್ನೊಂದನ್ನು ತೆಗೆಯುವುದು. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಬೀಟಲ್ಸ್ ಎಂದರೆ ಪ್ರಾಣ. ಫೋನ್ ಮಾಡಿದ ಮೂರನೆಯ ದಿನಕ್ಕೆ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಬಂತು. ಎತ್ತಿ ತರುವಾಗ ಅಜ್ಜನ ಸೊಂಟ ಹಿಡಿದುಕೊಂಡಿತು.

ಪೆಟ್ಟಿಗೆಯಲ್ಲಿ ಹಳೆಯದು ಹಂಟರ್ ಡೇವಿಸ್ ಎಂಬ ಪತ್ರಕರ್ತರ ‘ದ ಬೀಟಲ್ಸ್’. 1968ರದ್ದು. ಬ್ಯಾಂಡ್ ಇನ್ನೂ ಹಾಡುತ್ತಿದ್ದಾಗಲೇ ನಾಲ್ವರ ಒಪ್ಪಿಗೆಯಿಂದ ಬರೆದ ಜೀವನಚರಿತ್ರೆ. ಲೇಖಕರು ಅವರ ಮನೆಗಳಿಗೆ ಹೋಗಿದ್ದಾರೆ, ಹಾಡು ಕಟ್ಟುವಾಗ ಪಕ್ಕದಲ್ಲಿ ಕುಳಿತಿದ್ದಾರೆ. ಅಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಆದರೆ ಮನೆಯವರ ಒಪ್ಪಿಗೆಯಿಂದ ಬರೆಯುವುದಕ್ಕೂ ಒಂದು ಬೆಲೆ ಇದೆಯಲ್ಲ! ಜಾನ್‌ನನ್ನು ಸಾಕಿದ ಮಿಮಿ ಅವರು ಕರಡು ಓದಿ, ಹುಡುಗನ ಬಾಲ್ಯದ ತಂಟೆ ತಕರಾರುಗಳನ್ನೆಲ್ಲ ಬರೆದದ್ದಕ್ಕೆ ಮುನಿಸಿಕೊಂಡರು. ಅವರ ಸಮಾಧಾನಕ್ಕಾಗಿ ಕೆಲವು ಮಾತು ಬದಲಾಯಿಸಬೇಕಾಯಿತು ಎಂದು ಡೇವಿಸ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ನನಗೆ ಮಿಮಿಯವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮಾಣಿಯ ಬಗ್ಗೆ ಯಾರಾದರೂ ಬರೆದರೆ ನಾನೂ ಅಷ್ಟೇ ಮಾಡುತ್ತಿದ್ದೆ. ಅಂದ ಹಾಗೆ, ಇಂಗ್ಲಿಷಿನಲ್ಲಿ ಎಲ್ಲರೂ ಅವರನ್ನು ‘ಆಂಟ್’ ಎಂದೇ ಬರೆಯುತ್ತಾರೆ. ಅವರು ಜಾನ್ ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ. ನಮ್ಮ ಭಾಷೆಯಲ್ಲಿ ಒಂದೇ ಪದಕ್ಕೆ ಮನೆಯ ನಕ್ಷೆ ಸಿಕ್ಕಿಬಿಡುತ್ತದೆ!

ಎರಡನೆಯದು ಫಿಲಿಪ್ ನಾರ್ಮನ್ ಅವರ ‘ಶೌಟ್!’, 1981ರದ್ದು. ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಆದರೆ ತಕ್ಕಡಿ ಜಾನ್ ಕಡೆ ವಾಲಿದೆ, ಪಾಲ್‌ಗೆ ಅನ್ಯಾಯವಾಗಿದೆ ಎಂಬ ದೂರು ಅದರ ಮೇಲೆ ಬಹಳ. ಲೇಖಕರು 2016ರಲ್ಲಿ ಪಾಲ್ ಅವರ ಜೀವನಚರಿತ್ರೆಯನ್ನೇ ಬರೆದು, ಹಿಂದೆ ತಾವು ಪಾಲ್ ವಿಷಯದಲ್ಲಿ ಕಠಿಣವಾಗಿದ್ದುದನ್ನು ಒಪ್ಪಿಕೊಂಡರು. ಮೂವತ್ತೈದು ವರ್ಷದ ಮೇಲೆ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡ ಹಾಗೆ. ಆದ್ದರಿಂದ ಪುಸ್ತಕ ಕೈಗೆತ್ತಿಕೊಂಡಾಗ ಯಾವ ವರ್ಷದ್ದು, ಬರೆದವರು ಯಾರ ಪಕ್ಷ ಎಂದು ನೋಡುವುದು ಒಳ್ಳೆಯದು.

ಅಜ್ಜನ ಸೊಂಟಕ್ಕೆ ಕಾರಣವಾದದ್ದು ಮೂರನೆಯದು. ಮಾರ್ಕ್ ಲೂಯಿಸನ್ ಅವರ ‘ಟ್ಯೂನ್ ಇನ್’, 2013ರದ್ದು, 900 ಪುಟ ಮೀರಿದೆ. ಮೂರು ಸಂಪುಟಗಳ ಯೋಜನೆಯಲ್ಲಿ ಇದು ಮೊದಲನೆಯದು, ಮುಗಿಯುವುದು 1962ರ ಕೊನೆಗೆ. ಅಂದರೆ ಅಷ್ಟು ಪುಟ ಓದಿದರೂ ನಾಲ್ವರು ಇನ್ನೂ ಜಗತ್ಪ್ರಸಿದ್ಧರಾಗಿರುವುದಿಲ್ಲ! ಕೊನೆಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು ಪುಟಗಟ್ಟಲೆ ಇವೆ. ಯಾವ ಮಾತು ಯಾರು ಹೇಳಿದ್ದು, ಯಾವ ಕಾಗದದಲ್ಲಿ ಸಿಕ್ಕಿದ್ದು ಎಂಬ ಲೆಕ್ಕ. ಮಕ್ಕಳೇ, ಈ ಟಿಪ್ಪಣಿಗಳನ್ನು ಕಂಡರೆ ಹೆದರಬೇಡಿ. ಗಣಿತದಲ್ಲಿ ಉತ್ತರ ಮಾತ್ರ ಬರೆದರೆ ಸಾಲದು, ಲೆಕ್ಕ ಮಾಡಿದ ಕ್ರಮವನ್ನೂ ತೋರಿಸಿ ಎನ್ನುತ್ತಾರಲ್ಲ, ಇದು ಅದೇ.

ನಾನು ಮೊದಲು ತೆರೆದದ್ದು 1946ರ ಬ್ಲ್ಯಾಕ್‌ಪೂಲ್.

ಬೇರೆ ಪುಸ್ತಕಗಳಲ್ಲಿ ಬಂದ ಆ ದೃಶ್ಯದ ಮೂಲ ಜಾನ್ ತಂದೆಯ ಬಾಯಿಮಾತು, ಅದೂ ಮಗ ಹೆಸರುವಾಸಿಯಾದ ಮೇಲೆ ಹೇಳಿದ್ದು. ಅಂದು ಅದು ನಡೆದದ್ದು ತಂದೆಯ ಹಡಗಿನ ಸಂಗಾತಿಯೊಬ್ಬರ ಮನೆಯಲ್ಲಿ. ಲೂಯಿಸನ್ ಆ ಸಂಗಾತಿಯನ್ನು ಹುಡುಕಿ ಮಾತಾಡಿಸಿದ್ದಾರೆ. ಆತ ಹೇಳಿದ್ದೇ ಬೇರೆ. ಮಗುವನ್ನು ನಡುವೆ ನಿಲ್ಲಿಸಿ ಕೇಳಿದ್ದೂ ಇಲ್ಲ, ಅಳುತ್ತ ಓಡಿದ್ದೂ ಇಲ್ಲ. ಅಪ್ಪ ಅಮ್ಮ ಒಂದು ಕೋಣೆಯಲ್ಲಿ ಕುಳಿತು ಮಾತಾಡಿ, ಮಗು ತಾಯಿಯ ಜೊತೆ ಹೋಗಲಿ ಎಂದು ತಾವೇ ತೀರ್ಮಾನಿಸಿದರು. ಹಾಗೆ ಲಿವರ್‌ಪೂಲಿಗೆ ಮರಳಿದ ಜಾನ್ ಬೆಳೆದದ್ದು ಮಾತ್ರ ದೊಡ್ಡಮ್ಮನ ಮನೆಯಲ್ಲಿ.

ಮಾಣಿಗೆ ಎರಡೂ ಪುಸ್ತಕಗಳ ಆ ಭಾಗವನ್ನು ಅಕ್ಕಪಕ್ಕ ಇಟ್ಟು ಓದಿಸಿದೆ. ಬಹಳ ಹೊತ್ತು ನೋಡಿದ. “ಹಾಗಾದರೆ ಅವನು ಯಾರನ್ನೂ ಬಿಡಲಿಲ್ಲ” ಎಂದ. ಮತ್ತೆ ಏನೂ ಹೇಳದೆ ಎದ್ದು ಹೋದ.

ಪೆಟ್ಟಿಗೆಯಲ್ಲಿದ್ದ ಉಳಿದ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ದೊಡ್ಡವರ ಜೀವನಚರಿತ್ರೆಗಳನ್ನು ಹಾಗೇ ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಮಾದಕವಸ್ತು, ಜಗಳ, ಮುರಿದ ಮದುವೆಗಳು ಎಲ್ಲ ಬರುತ್ತವೆ. ಮನೆಯ ಹಿರಿಯರು ಮೊದಲು ಓದಿ, ಬೇಕಾದ ಅಧ್ಯಾಯಗಳನ್ನು ಜೊತೆಗೆ ಕುಳಿತು ಓದಿಸಿ. ಐದಾರನೆಯ ತರಗತಿಯವರು ತಾವಾಗಿಯೇ ಓದಬಹುದಾದದ್ದು ಜೆಫ್ ಎಡ್ಜರ್ಸ್ ಅವರ ‘ಹೂ ವರ್ ದ ಬೀಟಲ್ಸ್?’. ಸುಲಭ ಇಂಗ್ಲಿಷ್, ಪುಟಪುಟಕ್ಕೂ ಚಿತ್ರ. ಕ್ಯಾಥ್ಲೀನ್ ಕ್ರಲ್ ಮತ್ತು ಪಾಲ್ ಬ್ರೂವರ್ ಬರೆದ ‘ದ ಬೀಟಲ್ಸ್ ವರ್ ಫ್ಯಾಬ್’ ಎಂಬ ಚಿತ್ರಪುಸ್ತಕ ನಾಲ್ವರ ತಮಾಷೆಯ ಮಾತುಗಳ ಸುತ್ತ ಹೆಣೆದದ್ದು. ಪತ್ರಕರ್ತರ ಪೆದ್ದು ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಉತ್ತರ ಓದಿ ಅಜ್ಜ ಕೂಡ ಪೇಪರ್ ಕೆಳಗಿಟ್ಟು ನಕ್ಕರು.

ಇನ್ನೂ ಪುಟ್ಟವರಿದ್ದರೆ ಪಾಲ್ ಮೆಕಾರ್ಟ್ನಿ ಅವರೇ 2019ರಲ್ಲಿ ಬರೆದ ‘ಹೇ ಗ್ರ್ಯಾಂಡ್ಯೂಡ್!’ ಇದೆ. ಮಾಯದ ದಿಕ್ಸೂಚಿ ಇಟ್ಟುಕೊಂಡ ಅಜ್ಜ ನಾಲ್ಕು ಮೊಮ್ಮಕ್ಕಳನ್ನು ಊರೂರು ಸುತ್ತಿಸುವ ಕಥೆ. ಪಾಲ್ ಅವರನ್ನು ಮೊಮ್ಮಕ್ಕಳಲ್ಲೊಬ್ಬರು ಆ ಹೆಸರಿನಿಂದ ಕರೆದದ್ದೇ ಪುಸ್ತಕಕ್ಕೆ ಕಾರಣವಂತೆ. ಕಥೆಯೇನೂ ಮಹಾ ಅಲ್ಲ. ಆದರೆ ಜಗತ್ತನ್ನೇ ಕುಣಿಸಿದವರೂ ಕೊನೆಗೆ ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜ ಆದರಲ್ಲ ಎಂದು ಓದಿದೆ.

ನನಗೆ ತುಂಬ ಹಿಡಿಸಿದ್ದು ರಿಂಗೋ. ಆರನೆಯ ವಯಸ್ಸಿನಲ್ಲಿ ಹೊಟ್ಟೆಯ ಕಾಯಿಲೆ ಬಂದು ಸಾಯುವ ಸ್ಥಿತಿಗೆ ಹೋಗಿದ್ದ ಹುಡುಗ. ತಿಂಗಳುಗಟ್ಟಲೆ ಆಸ್ಪತ್ರೆ. ಶಾಲೆ ತಪ್ಪಿಹೋಗಿ ಓದಲು ಬರುತ್ತಿರಲಿಲ್ಲ, ನೆರೆಮನೆಯ ಹುಡುಗಿಯೊಬ್ಬಳು ಕೂರಿಸಿ ಕಲಿಸಿದಳು. ಹದಿಮೂರಕ್ಕೆ ಕ್ಷಯ ಬಂದು ಮತ್ತೆ ಆಸ್ಪತ್ರೆ. ಅಲ್ಲಿ ಮಕ್ಕಳ ಬೇಸರ ಕಳೆಯಲು ವಾದ್ಯ ಕೊಡುತ್ತಿದ್ದರು. ಈ ಹುಡುಗ ಡ್ರಮ್ಮಿಗೇ ಅಂಟಿಕೊಂಡ.

ಅದೇ ಹೊಟ್ಟೆಯ ಕಥೆ ನಮ್ಮ ದೇಶಕ್ಕೂ ಬಂದಿದೆ. 1968ರ ಫೆಬ್ರವರಿಯಲ್ಲಿ ನಾಲ್ವರೂ ಧ್ಯಾನ ಕಲಿಯಲು ಋಷಿಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆ ಬಂದರು. ಖಾರ ಮಸಾಲೆ ಒಗ್ಗದ ರಿಂಗೋ ಪೆಟ್ಟಿಗೆ ತುಂಬ ಡಬ್ಬಿಯಲ್ಲಿಟ್ಟ ಬೀನ್ಸ್ ತಂದಿದ್ದರು, ಹತ್ತೇ ದಿನಕ್ಕೆ ಹೊರಟೂಹೋದರು! ಉಳಿದವರು ಅಲ್ಲಿ ಹತ್ತಾರು ಹಾಡು ಕಟ್ಟಿದರು. ಪತ್ರಕರ್ತ ಅಜಯ್ ಬೋಸ್ 2018ರಲ್ಲಿ ಬರೆದ ‘ಅಕ್ರಾಸ್ ದ ಯೂನಿವರ್ಸ್’ ಈ ಭಾರತದ ನಂಟಿನ ಕುರಿತೇ ಇದೆ. ಜಾರ್ಜ್‌ಗೆ ಸಿತಾರ್ ಕಲಿಸಿದ ಪಂಡಿತ್ ರವಿಶಂಕರ್ ಅವರ ‘ಮೈ ಮ್ಯೂಸಿಕ್, ಮೈ ಲೈಫ್’ ಜೊತೆಗಿಟ್ಟುಕೊಂಡರೆ ಗುರುವಿನ ಕಡೆಯ ಮಾತೂ ಸಿಗುತ್ತದೆ. ಅಜ್ಜ ಈಗ ಅದನ್ನು ಓದುತ್ತಿದ್ದಾರೆ, ಕೇಳಿದರೆ ಇಲ್ಲ ಎನ್ನುತ್ತಾರೆ.

ಕಳೆದ ಶುಕ್ರವಾರ ಮಸ್ಕತ್‌ನಲ್ಲಿ ರಜೆ. ಸಂಜೆ ವಿಡಿಯೋ ಕರೆ ಬಂತು. ಮಾಣಿ ಶಾಲೆ, ಊಟ, ಮಳೆ ಎಲ್ಲ ಹೇಳಿ ಮುಗಿಸಿ, ಇದ್ದಕ್ಕಿದ್ದಂತೆ ಕೇಳಿದ: “ಅಪ್ಪ, ನಾನು ಇಲ್ಲೇ ಇರೋದು ಅಂತ ತೀರ್ಮಾನ ಮಾಡಿದ್ದು ಯಾರು?”

ಮಗ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಸೊಸೆಯೇ ಹೇಳಿದಳು, “ನಾವು ಮಾಣಿ. ನಿನ್ನನ್ನು ಕೇಳುವ ಮೊದಲೇ ಅಲ್ಲಿಯ ಶಾಲೆಗೆ ಫೀಸು ಕಟ್ಟಿ ಆಗಿತ್ತು. ನಿನಗೆ ಬೇಜಾರಾಗಬಾರದು ಅಂತ ಕೇಳಿದ್ದು.”

“ಬರ್ತೇನೆ ಅಂದಿದ್ದರೆ?”

ಅದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ. ಆಮೇಲೆ ಅವನು ಫೋನ್ ಹಿಡಿದುಕೊಂಡು ಜಗಲಿಗೆ ಹೋದ. ಮುಕ್ಕಾಲು ಗಂಟೆ ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ.

ರಾತ್ರಿ ಊಟಕ್ಕೆ ಬಂದು ಕುಳಿತ. “ಅಜ್ಜಿ, ಲೂಯಿಸನ್ ಎರಡನೆಯ ಸಂಪುಟ ಯಾವಾಗ?” 2013ರಿಂದ ಓದುಗರು ಕಾಯುತ್ತಲೇ ಇದ್ದಾರೆ ಎಂದೆ. “ನಾವೂ ಕಾಯುವಾ” ಎಂದು ಚಮಚ ಎತ್ತಿಕೊಂಡ. ಅಜ್ಜ ತಮ್ಮ ಲೋಟವನ್ನು ಮೇಜಿನಿಂದ ಮೆಲ್ಲಗೆ ಸರಿಸಿ ಕೈಯಲ್ಲಿ ಹಿಡಿದುಕೊಂಡರು.